ಡೇವಿಡ್ ಬೋವೀ: ಗೆದ್ದ ದಾರಿಯನ್ನು ಬಿಟ್ಟು ನಡೆದ ಹಾಡುಗಾರ

1973ರ ಜುಲೈ 3ರ ರಾತ್ರಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್ ರಂಗಮಂದಿರದಲ್ಲಿ ಕೊನೆಯ ಹಾಡಿಗೆ ಮುನ್ನ ಬ್ರಿಟನ್ನಿನ ರಾಕ್ ಗಾಯಕ ಡೇವಿಡ್ ಬೋವೀ ಅವರು, ಇದು ಈ ಪ್ರವಾಸದ ಕಡೆಯ ಕಾರ್ಯಕ್ರಮ ಮಾತ್ರವಲ್ಲ, ತಮ್ಮ ತಂಡ ನೀಡುವ ಕಟ್ಟಕಡೆಯ ಕಾರ್ಯಕ್ರಮವೂ ಹೌದೆಂದು ಪ್ರಕಟಿಸಿದರು. ತುಂಬಿದ ಸಭಾಂಗಣ ದಿಗ್ಭ್ರಮೆಗೊಂಡಿತು. ಅವರ ಹಿಂದೆ ನಿಂತು ನುಡಿಸುತ್ತಿದ್ದ ತಂಡದ ಬಾಸ್ ಗಿಟಾರ್ ವಾದಕರಿಗೂ ಡ್ರಮ್ ವಾದಕರಿಗೂ ಈ ನಿರ್ಧಾರ ತಿಳಿದದ್ದು ಆ ಗಳಿಗೆಯಲ್ಲಿಯೇ. ಕೆಲವೇ ವಾರಗಳ ಹಿಂದೆ ಅವರ ‘ಅಲಾಡಿನ್ ಸೇನ್’ ಆಲ್ಬಮ್ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದಿತ್ತು. ಹಲವು ವರ್ಷಗಳ ಸೋಲಿನ ನಂತರ ಕೈಗೆ ಬಂದಿದ್ದ ಯಶಸ್ಸು ಅದು. ಬೋವೀ ಅವರು ಮರುವರ್ಷವೇ ಮತ್ತೆ ಪ್ರವಾಸ ಹೊರಟರು. ಆದರೆ ಅಂದು ರಾತ್ರಿ ಹಾಡಿದ್ದ ಪಾತ್ರ, ಅಂದರೆ ಕೆಂಪು ಕೂದಲಿನ, ಬಣ್ಣ ಬಳಿದ ಮುಖದ ‘ಜಿಗ್ಗಿ ಸ್ಟಾರ್‌ಡಸ್ಟ್’, ಆ ಪ್ರವಾಸದಲ್ಲಿ ಇರಲಿಲ್ಲ. ಗೆಲ್ಲಿಸಿದ ವೇಷವನ್ನು ಗೆಲುವಿನ ತುದಿಯಲ್ಲಿಯೇ ಕಳಚಿ ಇಡುವ ಈ ಕ್ರಮ ಅವರ ಬದುಕಿನುದ್ದಕ್ಕೂ ಮರುಕಳಿಸುತ್ತದೆ. ಅವರನ್ನು ಊಸರವಳ್ಳಿ ಎಂದು ಕರೆಯುವುದು ಪತ್ರಿಕೆಗಳ ರೂಢಿ. ಆದರೆ ಊಸರವಳ್ಳಿ ಸುತ್ತಲಿನ ಬಣ್ಣದಲ್ಲಿ ಮರೆಯಾಗಲು ಬಣ್ಣ ಬದಲಿಸುತ್ತದೆಂಬುದು ಜನರ ನಂಬಿಕೆ. ಬೋವೀ ಅವರು ಬದಲಾದದ್ದು ಹೊಸದಾಗಿ ಬರೆಯುವುದಕ್ಕಾಗಿ. ಬದಲಾವಣೆ ಅವರ ರಚನಾ ವಿಧಾನವೇ ಆಗಿತ್ತು, ಮತ್ತು ಆ ವಿಧಾನಕ್ಕೆ ನಿರ್ದಿಷ್ಟವಾದ ಸಾಧನಗಳಿದ್ದವು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕನ್ನಡದ ಚಿತ್ರಗೀತೆಯಲ್ಲಿ ಸಾಹಿತ್ಯ ಒಬ್ಬರದು, ಸ್ವರ ಸಂಯೋಜನೆ ಇನ್ನೊಬ್ಬರದು, ಕಂಠ ಮತ್ತೊಬ್ಬರದು. ಆದ್ದರಿಂದ ಹಾಡಿನೊಳಗಿನ ‘ನಾನು’ ಹಾಡುವವರೇ ಎಂದು ಕೇಳುಗರು ಭಾವಿಸುವುದಿಲ್ಲ. ಬ್ರಿಟನ್ ಮತ್ತು ಅಮೆರಿಕದಲ್ಲಿ 1960ರ ದಶಕದ ಹೊತ್ತಿಗೆ ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಹಾಡುವವರ ಸಂಪ್ರದಾಯ ಬಲಗೊಂಡಿತ್ತು. ಅದರೊಂದಿಗೆ ಒಂದು ನಂಬಿಕೆಯೂ ಬೇರೂರಿತ್ತು: ಹಾಡು ಹಾಡುವವನ ಸ್ವಂತ ಅನುಭವದ ನಿವೇದನೆಯಾಗಿರಬೇಕು, ಅದರಲ್ಲಿ ನಟನೆ ಇರಬಾರದು. ಬೋವೀ ಅವರ ಮುಖ್ಯ ಸಾಧನೆ ಈ ನಂಬಿಕೆಯನ್ನು ಮುರಿದದ್ದು. ಸ್ವಂತ ಹಾಡನ್ನು ಕಲ್ಪಿತ ಪಾತ್ರದ ಬಾಯಿಯಿಂದ ಹೇಳಿಸಬಹುದು ಮತ್ತು ಹಾಗೆ ಹೇಳಿಸಿದಾಗಲೂ ಅದು ಪ್ರಾಮಾಣಿಕವಾಗಿರಬಲ್ಲದು ಎಂದು ಅವರು ತೋರಿಸಿದರು.

ಅವರ ಹುಟ್ಟುಹೆಸರು ಡೇವಿಡ್ ರಾಬರ್ಟ್ ಜೋನ್ಸ್. 1947ರ ಜನವರಿ 8ರಂದು ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಜನಿಸಿದರು. ಬಾಲ್ಯದ ಹೆಚ್ಚಿನ ಭಾಗ ಕಳೆದದ್ದು ಬ್ರಾಮ್ಲಿ ಎಂಬ ಉಪನಗರದಲ್ಲಿ. ತಂದೆ ಅನಾಥ ಮಕ್ಕಳ ನೆರವಿಗೆ ಹೆಸರಾದ ಬರ್ನಾರ್ಡೋಸ್ ಸಂಸ್ಥೆಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಬೋವೀ ಅವರ ಮೇಲೆ ಹೆಚ್ಚು ಪ್ರಭಾವ ಬೀರಿದವರು ತಾಯಿಯ ಹಿರಿಯ ಮಗ, ತಮಗಿಂತ ಸುಮಾರು ಹತ್ತು ವರ್ಷ ದೊಡ್ಡವರಾದ ಟೆರಿ. ಆಧುನಿಕ ಜಾಝ್ ಸಂಗೀತದ ರುಚಿಯನ್ನೂ ಹೊಸ ಅಮೆರಿಕನ್ ಸಾಹಿತ್ಯದ ಪರಿಚಯವನ್ನೂ ತಮ್ಮನಿಗೆ ಮಾಡಿಸಿದವರು ಅವರೇ. ಟೆರಿ ಸ್ಕಿಜೋಫ್ರೇನಿಯಾದಿಂದ ಬಳಲಿ, ವರ್ಷಗಟ್ಟಲೆ ಮಾನಸಿಕ ಆಸ್ಪತ್ರೆಯಲ್ಲಿದ್ದು, 1985ರಲ್ಲಿ ತಮ್ಮ ಜೀವವನ್ನು ತಾವೇ ತೆಗೆದುಕೊಂಡರು. ತಮ್ಮ ಮನಸ್ಸೂ ಹಾಗೆಯೇ ಒಡೆಯಬಹುದೆಂಬ ಭಯ ಬೋವೀ ಅವರ ಅನೇಕ ಹಾಡುಗಳ ತಳದಲ್ಲಿದೆ. 1993ರ ‘ಜಂಪ್ ದೇ ಸೇ’ ಒಂದು ಮಟ್ಟಿಗೆ ಅಣ್ಣನ ಕುರಿತಾದದ್ದೆಂದು ಅವರೇ ಹೇಳಿದ್ದರು. ಬಾಲ್ಯದಲ್ಲಿಯೇ ಸ್ಯಾಕ್ಸೊಫೋನ್ ಹಿಡಿದ ಹುಡುಗ ಅದನ್ನು ಕೊನೆಯವರೆಗೂ ಬಿಡಲಿಲ್ಲ. ಅವರ ಎರಡು ಕಣ್ಣುಗಳ ಬಣ್ಣ ಬೇರೆ ಬೇರೆ ಎಂಬ ಮಾತು ಪ್ರಚಲಿತವಾಗಿದೆ. ವಾಸ್ತವವಾಗಿ, ಶಾಲಾ ದಿನಗಳಲ್ಲಿ ಗೆಳೆಯ ಜಾರ್ಜ್ ಅಂಡರ್‌ವುಡ್ ಅವರೊಡನೆ ನಡೆದ ಜಗಳದಲ್ಲಿ ಪೆಟ್ಟು ಬಿದ್ದು ಎಡಗಣ್ಣಿನ ಪಾಪೆ ಶಾಶ್ವತವಾಗಿ ಹಿಗ್ಗಿದ ಸ್ಥಿತಿಯಲ್ಲಿ ಉಳಿಯಿತು, ಅಷ್ಟೇ. ಗೆಳೆತನ ಮಾತ್ರ ಕೊನೆಯವರೆಗೂ ಉಳಿಯಿತು.

1964ರಲ್ಲಿ ಹೊರಬಂದ ಅವರ ಮೊದಲ ಧ್ವನಿಮುದ್ರಿಕೆ ಸೋತಿತು, ನಂತರದವೂ ಒಂದೊಂದಾಗಿ ಸೋತವು. ಡೇವಿ ಜೋನ್ಸ್ ಎಂಬ ಹೆಸರಿನ ಇನ್ನೊಬ್ಬ ಗಾಯಕ ಪ್ರಸಿದ್ಧಿಗೆ ಬರುತ್ತಿದ್ದುದರಿಂದ ಅವರು ತಮ್ಮ ಹೆಸರನ್ನು ಬೋವೀ ಎಂದು ಬದಲಿಸಿಕೊಂಡರು. 1967ರ ಮೊದಲ ಆಲ್ಬಮ್ಮನ್ನು ಕೊಂಡವರು ಕಡಿಮೆ. ಈ ನಿಷ್ಫಲ ವರ್ಷಗಳಲ್ಲಿ ಅವರು ಮೂಕಾಭಿನಯದ ಕಲಾವಿದ ಲಿಂಡ್ಸೆ ಕೆಂಪ್ ಅವರಲ್ಲಿ ಕಲಿತದ್ದು ಮುಂದೆ ಬಹಳ ಉಪಯೋಗಕ್ಕೆ ಬಂದಿತು. ವೇದಿಕೆಯ ಮೇಲೆ ಹೇಗೆ ನಿಲ್ಲಬೇಕು, ಪ್ರತಿ ಚಲನೆಯೂ ಅರ್ಥವನ್ನು ಹೇಗೆ ಹೊರಬೇಕು, ಮುಖವನ್ನು ಹೇಗೆ ಮುಖವಾಡವಾಗಿಸಬೇಕು ಎಂಬುದನ್ನು ರಾಕ್ ಗಾಯಕರಲ್ಲಿ ಹೀಗೆ ಶಾಸ್ತ್ರೀಯವಾಗಿ ಕಲಿತವರು ವಿರಳ.

ಮೊದಲ ಗೆಲುವು 1969ರ ಜುಲೈನಲ್ಲಿ, ಅಪೊಲೊ 11 ಚಂದ್ರನತ್ತ ಹೊರಡುವುದಕ್ಕೆ ಕೆಲವೇ ದಿನಗಳ ಮುನ್ನ ಬಿಡುಗಡೆಯಾದ ‘ಸ್ಪೇಸ್ ಆಡಿಟಿ’ಯಿಂದ ಬಂದಿತು. ಜಗತ್ತೆಲ್ಲ ಬಾಹ್ಯಾಕಾಶ ಯಾನವನ್ನು ವಿಜಯವೆಂದು ಕೊಂಡಾಡುತ್ತಿದ್ದಾಗ ಈ ಹಾಡಿನ ಯಾತ್ರಿಕ ಮೇಜರ್ ಟಾಮ್ ಭೂಮಿಯೊಡನೆ ಸಂಪರ್ಕ ಕಳೆದುಕೊಂಡು ತೇಲಿಹೋಗುತ್ತಾನೆ. ಬ್ರಿಟನ್ನಿನ ಪಟ್ಟಿಯಲ್ಲಿ ಅದು 5ನೇ ಸ್ಥಾನಕ್ಕೆ ಏರಿತು. ಆದರೆ ಅದರ ಬೆನ್ನಿಗೆ ಬೇರೆ ಯಶಸ್ಸು ಬರಲಿಲ್ಲ, ಮತ್ತು ಒಂದೇ ಹಾಡಿನ ಗಾಯಕನೆಂಬ ಹಣೆಪಟ್ಟಿ ಎರಡು ಮೂರು ವರ್ಷ ಅವರಿಗೆ ಅಂಟಿಕೊಂಡಿತ್ತು.

ಆ ಹಣೆಪಟ್ಟಿಯನ್ನು ಕಿತ್ತದ್ದು 1971ರ ‘ಹಂಕಿ ಡೋರಿ’ ಮತ್ತು 1972ರ ಜಿಗ್ಗಿ ಸ್ಟಾರ್‌ಡಸ್ಟ್ ಆಲ್ಬಮ್‌ಗಳು. ಇಲ್ಲಿ ಅವರಿಗೆ ಹಲ್ ನಗರದ ಗಿಟಾರ್ ವಾದಕ ಮಿಕ್ ರಾನ್ಸನ್ ಜೊತೆಯಾಗಿದ್ದರು. ರಾನ್ಸನ್ ಒರಟಾದ ಗಿಟಾರ್ ನುಡಿಸಬಲ್ಲವರು, ಅಷ್ಟೇ ಸಮರ್ಥವಾಗಿ ಪಿಟೀಲುಗಳ ಮೇಳವನ್ನೂ ಸಂಯೋಜಿಸಬಲ್ಲವರು. ‘ಲೈಫ್ ಆನ್ ಮಾರ್ಸ್’ ಹಾಡು ಏರುತ್ತಾ ಹೋಗುವ ರೀತಿಯಲ್ಲಿ ಅವರ ಪಾಲು ದೊಡ್ಡದು. ಜಿಗ್ಗಿ ಎಂಬುದು ಭೂಮಿಯ ಕೊನೆಯ ವರ್ಷಗಳಲ್ಲಿ ಜನರನ್ನು ಸೆಳೆದು, ತನ್ನ ಕೀರ್ತಿಯಿಂದಲೇ ನಾಶವಾಗುವ ಕಲ್ಪಿತ ರಾಕ್ ತಾರೆಯ ಪಾತ್ರ. ಬೋವೀ ಅವರು ಆ ಪಾತ್ರದ ಕಥೆಯನ್ನು ಹೇಳಲಿಲ್ಲ, ಆ ಪಾತ್ರವಾಗಿಯೇ ಸಂದರ್ಶನ ಕೊಟ್ಟರು, ಓಡಾಡಿದರು. 1972ರ ಜುಲೈನಲ್ಲಿ ಬಿಬಿಸಿಯ ‘ಟಾಪ್ ಆಫ್ ದಿ ಪಾಪ್ಸ್’ ಕಾರ್ಯಕ್ರಮದಲ್ಲಿ ‘ಸ್ಟಾರ್‌ಮ್ಯಾನ್’ ಹಾಡುತ್ತಾ ಅವರು ರಾನ್ಸನ್ ಅವರ ಹೆಗಲ ಮೇಲೆ ಸಲಿಗೆಯಿಂದ ಕೈಹಾಕಿದ ದೃಶ್ಯ ಬ್ರಿಟನ್ನಿನ ಮನೆಮನೆಗಳಲ್ಲಿ ಚರ್ಚೆಯ ವಸ್ತುವಾಯಿತು. ಆ ದೇಶದಲ್ಲಿ ಗಂಡಸರ ನಡುವಿನ ಸಲಿಂಗ ಸಂಬಂಧದ ಮೇಲಿನ ಕಾನೂನಿನ ನಿರ್ಬಂಧ ಭಾಗಶಃ ಸಡಿಲಗೊಂಡದ್ದೇ 1967ರಲ್ಲಿ ಎಂಬುದನ್ನು ನೆನೆದರೆ ಆ ಸಲಿಗೆಯ ತೂಕ ಅರ್ಥವಾಗುತ್ತದೆ. ಮುಂದೆ ಸಂಗೀತಗಾರರಾದ ಅನೇಕರು ತಮ್ಮ ಬದುಕಿನ ದಿಕ್ಕು ಆ ಸಂಜೆ ಬದಲಾಯಿತೆಂದು ಹೇಳಿದ್ದಾರೆ.

ಪಾತ್ರವಾಗಿ ಬದುಕುವುದಕ್ಕೆ ಬೆಲೆಯೂ ಇತ್ತು. ಜಿಗ್ಗಿ ಎಲ್ಲಿ ಮುಗಿಯುತ್ತಾನೆ, ತಾವು ಎಲ್ಲಿ ಆರಂಭವಾಗುತ್ತೇವೆ ಎಂಬುದು ತಮಗೇ ಮಸುಕಾಗತೊಡಗಿತ್ತೆಂದು ಬೋವೀ ಅವರು ನಂತರ ಹೇಳಿಕೊಂಡಿದ್ದಾರೆ. ಹ್ಯಾಮರ್‌ಸ್ಮಿತ್‌ನ ಪ್ರಕಟಣೆಯ ಹಿಂದೆ ಈ ಆತಂಕವಿತ್ತು, ಜೊತೆಗೆ ಅದೇ ಹಾಡನ್ನು ಅದೇ ವೇಷದಲ್ಲಿ ಪುನರಾವರ್ತಿಸುವ ಬೇಸರವೂ ಇತ್ತು.

ಮುಂದಿನ ವರ್ಷಗಳಲ್ಲಿ ಅವರು ಬರೆಯುವ ತಂತ್ರವನ್ನೇ ಬದಲಿಸಿದರು. ಅಮೆರಿಕದ ಲೇಖಕ ವಿಲಿಯಂ ಬರೋಸ್ ಬಳಸುತ್ತಿದ್ದ ಕತ್ತರಿಸಿ ಜೋಡಿಸುವ ವಿಧಾನ ಅವರಿಗೆ ಹಿಡಿಸಿತು. ಬರೆದ ಪುಟವನ್ನು ಕತ್ತರಿಯಿಂದ ತುಂಡು ಮಾಡಿ, ತುಂಡುಗಳನ್ನು ಕಲೆಸಿ, ಅಕ್ಕಪಕ್ಕ ಬಂದ ಪದಗಳ ನಡುವೆ ಹುಟ್ಟುವ ಅನಿರೀಕ್ಷಿತ ಸಂಬಂಧಗಳನ್ನು ಸಾಲುಗಳಾಗಿ ತಿದ್ದುವುದು ಅದರ ಕ್ರಮ. ಅರ್ಥವನ್ನು ಕೈಬಿಡುವುದು ಅದರ ಉದ್ದೇಶವಲ್ಲ. ಅಭ್ಯಾಸಬಲದಿಂದ ಬರುವ ಸಾಲನ್ನು ತಪ್ಪಿಸಿ, ಯೋಚಿಸಿ ತಲುಪಲಾಗದ ಸಾಲಿಗೆ ದಾರಿ ಮಾಡುವುದು. 1974ರ ‘ಡೈಮಂಡ್ ಡಾಗ್ಸ್’ ಆಲ್ಬಮ್‌ನ ಸಾಹಿತ್ಯದಲ್ಲಿ ಈ ತಂತ್ರ ಎದ್ದು ಕಾಣುತ್ತದೆ. 1990ರ ದಶಕದಲ್ಲಿ ಇದೇ ಕೆಲಸಕ್ಕೆ ಅವರು ಕಂಪ್ಯೂಟರ್ ತಂತ್ರಾಂಶವನ್ನೂ ಬಳಸಿದರು. ‘ಡೈಮಂಡ್ ಡಾಗ್ಸ್’ನ ಬೆನ್ನಿಗೇ ಅವರು ಫಿಲಡೆಲ್ಫಿಯಾದ ಕಪ್ಪು ಅಮೆರಿಕನ್ನರ ಸೋಲ್ ಸಂಗೀತದತ್ತ ತಿರುಗಿದರು. ಗಿಟಾರ್ ವಾದಕ ಕಾರ್ಲೋಸ್ ಅಲೊಮಾರ್ ಮತ್ತು ಬೀಟಲ್ಸ್ ತಂಡದಲ್ಲಿದ್ದ ಜಾನ್ ಲೆನನ್ ಅವರೊಡನೆ ಸೇರಿ ಬರೆದ ‘ಫೇಮ್’ 1975ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನ ಪಡೆಯಿತು.

ಅದೇ ಹೊತ್ತಿಗೆ ಅವರ ಬದುಕು ಅಧೋಗತಿಗೆ ಇಳಿದಿತ್ತು. ಲಾಸ್ ಏಂಜಲೀಸ್‌ನಲ್ಲಿ ಕೊಕೇನ್ ಚಟಕ್ಕೆ ಬಿದ್ದ ಅವರು ಊಟ, ನಿದ್ರೆ ಬಿಟ್ಟು ಅಸ್ಥಿಪಂಜರದಂತಾಗಿದ್ದರು. 1976ರ ‘ಸ್ಟೇಷನ್ ಟು ಸ್ಟೇಷನ್’ ಆಲ್ಬಮ್ಮನ್ನು ಮುದ್ರಿಸಿದ ನೆನಪೇ ತಮಗೆ ಸರಿಯಾಗಿಲ್ಲವೆಂದು ನಂತರ ಹೇಳಿದ್ದಾರೆ. ಆ ವರ್ಷ ಫ್ಯಾಸಿಸಮ್ಮನ್ನು ಹೊಗಳುವಂತಹ ಮಾತುಗಳನ್ನೂ ಅವರು ಸಂದರ್ಶನಗಳಲ್ಲಿ ಆಡಿದರು. ಮುಂದೆ ಅವುಗಳನ್ನು ಹಿಂತೆಗೆದುಕೊಂಡು, ತಮ್ಮ ಅಂದಿನ ಮನಃಸ್ಥಿತಿಯನ್ನು ಕಾರಣವಾಗಿ ಕೊಟ್ಟರು. ಅದು ವಿವರಣೆಯೇ ಹೊರತು ಸಮರ್ಥನೆಯಾಗಲಾರದು. ಅವರ ಜೀವನವನ್ನು ಬರೆಯುವವರು ಆ ಮಾತುಗಳನ್ನು ಮುಚ್ಚಿಡಬೇಕಾಗಿಯೂ ಇಲ್ಲ.

ಚಟದಿಂದ ಬಿಡಿಸಿಕೊಳ್ಳಲು ಅವರು ಯುರೋಪಿಗೆ ಮರಳಿ, ಗೆಳೆಯ, ಅಮೆರಿಕದ ಗಾಯಕ ಇಗ್ಗಿ ಪಾಪ್ ಅವರೊಡನೆ ಪಶ್ಚಿಮ ಬರ್ಲಿನ್ನಿನ ಶೋನೆಬರ್ಗ್ ಭಾಗದ ಸಾಧಾರಣ ಮನೆಯೊಂದರಲ್ಲಿ ನೆಲೆಸಿದರು. ನನ್ನ ದೃಷ್ಟಿಯಲ್ಲಿ ಅವರ ಬದುಕಿನ ಅತ್ಯಂತ ಮಹತ್ವದ ಕೆಲಸ ನಡೆದದ್ದು ಈ ಕಾಲದಲ್ಲಿಯೇ. ‘ಲೋ’, ‘ಹೀರೋಸ್’, ‘ಲಾಡ್ಜರ್’ ಎಂಬ ಮೂರು ಆಲ್ಬಮ್‌ಗಳು 1977ರಿಂದ 1979ರ ನಡುವೆ ಹೊರಬಂದವು. ಅವನ್ನು ಬರ್ಲಿನ್ ತ್ರಿವಳಿ ಎಂದು ಕರೆಯುವುದುಂಟು. ಆದರೆ ‘ಲೋ’ ಬಹುಪಾಲು ಮುದ್ರಣಗೊಂಡದ್ದು ಫ್ರಾನ್ಸಿನಲ್ಲಿ, ಮತ್ತು ಪೂರ್ತಿಯಾಗಿ ಬರ್ಲಿನ್ನಿನಲ್ಲಿ ರೂಪುಗೊಂಡದ್ದು ‘ಹೀರೋಸ್’ ಒಂದೇ. ಈ ಕೆಲಸದಲ್ಲಿ ಅವರಿಗೆ ಇಬ್ಬರು ಮುಖ್ಯ ಸಹಾಯಕರಿದ್ದರು: ಧ್ವನಿಮುದ್ರಣದ ನಿರ್ಮಾಪಕ ಟೋನಿ ವಿಸ್ಕಾಂಟಿ ಮತ್ತು ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯ ನುಡಿಸುವ ಬ್ರಯಾನ್ ಈನೊ. ಈನೊ ಅವರ ಬಳಿ ಒಂದು ಕಟ್ಟು ಚೀಟಿಗಳಿದ್ದವು. ಕೆಲಸ ಮುಂದೆ ಸಾಗದಿದ್ದಾಗ ಒಂದು ಚೀಟಿ ಎಳೆದು, ಅದರಲ್ಲಿ ಬರೆದಿರುವ ಒಗಟಿನಂತಹ ಸೂಚನೆಯನ್ನು ಪಾಲಿಸುವುದು ನಿಯಮ. ವಿಸ್ಕಾಂಟಿ ಅವರು ಡ್ರಮ್ಮಿನ ಸದ್ದನ್ನು ಹಾರ್ಮೊನೈಜರ್ ಎಂಬ ಹೊಸ ಯಂತ್ರದ ಮೂಲಕ ಹಾಯಿಸಿ, ಪ್ರತಿ ಹೊಡೆತವೂ ಕೆಳಸ್ವರಕ್ಕೆ ಜಾರಿ ಬೀಳುವಂತೆ ಮಾಡಿದರು. ‘ಲೋ’ ಕೇಳಿದ ಇತರ ಸಂಗೀತಗಾರರು ಆ ಸದ್ದಿನ ಗುಟ್ಟನ್ನು ಬಹುಕಾಲ ಹುಡುಕಿದರು. ಆ ಆಲ್ಬಮ್‌ನ ಮೊದಲ ಬದಿಯಲ್ಲಿ ತುಣುಕುಗಳಂತಹ ಚಿಕ್ಕ ಹಾಡುಗಳಿವೆ. ಎರಡನೆಯ ಬದಿಯಲ್ಲಿ ಮಾತು ಬಹುಮಟ್ಟಿಗೆ ಅಳಿಸಿಹೋಗಿ, ವಾದ್ಯಗಳ ನಿಧಾನವಾದ ಧ್ವನಿಚಿತ್ರಗಳಷ್ಟೇ ಉಳಿಯುತ್ತವೆ. ಮಾತಿನಿಂದ ಹೆಸರು ಮಾಡಿದ ಕವಿ ಮಾತನ್ನೇ ಬಿಟ್ಟುಕೊಟ್ಟ ಧೈರ್ಯ ಅದು.

‘ಹೀರೋಸ್’ ಹಾಡನ್ನು ಮುದ್ರಿಸಿದ ರೀತಿಯನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಇಲ್ಲಿ ತಂತ್ರವೂ ಭಾವವೂ ಬೇರೆಬೇರೆಯಾಗಿಲ್ಲ. ಬರ್ಲಿನ್ ಗೋಡೆಗೆ ಸಮೀಪವಿದ್ದ ಹನ್ಸಾ ಸ್ಟುಡಿಯೊದಲ್ಲಿ ಮೊದಲು ವಾದ್ಯಗಳ ತಳಪಾಯ ಸಿದ್ಧವಾಯಿತು. ಆಗ ಹಾಡಿಗೆ ಸಾಹಿತ್ಯವೇ ಇರಲಿಲ್ಲ. ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಅವರು ಧ್ವನಿವರ್ಧಕದ ಎದುರು ಬೇರೆ ಬೇರೆ ಅಂತರಗಳಲ್ಲಿ ನಿಂತು, ಒಂದೊಂದು ಜಾಗದಲ್ಲಿ ಒಂದೊಂದು ಸ್ವರ ದೀರ್ಘವಾಗಿ ಮೊರೆಯುವಂತೆ ನುಡಿಸಿದರು. ಹಾಡು ಬರೆಯುವ ಏಕಾಂತಕ್ಕಾಗಿ ಬೋವೀ ಅವರು ಉಳಿದವರನ್ನು ಹೊರಗೆ ಕಳುಹಿಸಿದ್ದಾಗ, ಗೋಡೆಯ ಬಳಿ ಒಂದು ಜೋಡಿ ಮುತ್ತಿಡುವುದು ಕಿಟಕಿಯಿಂದ ಅವರಿಗೆ ಕಂಡಿತು. ಅದು ವಿಸ್ಕಾಂಟಿ ಮತ್ತು ತಂಡದ ಹಿನ್ನೆಲೆ ಗಾಯಕಿ. ವಿಸ್ಕಾಂಟಿ ಅವರಿಗೆ ಆಗ ಮದುವೆಯಾಗಿದ್ದುದರಿಂದ ಬೋವೀ ಅವರು ಈ ಸಂಗತಿಯನ್ನು ವರ್ಷಗಳ ಕಾಲ ಬಹಿರಂಗಪಡಿಸಲಿಲ್ಲ. ಬಂದೂಕುಗಳ ಕಾವಲಿನ ನೆರಳಲ್ಲಿ ಒಂದೇ ಒಂದು ದಿನದ ಮಟ್ಟಿಗೆ ಗೆಲ್ಲುವ ಪ್ರೇಮಿಗಳ ಹಾಡು ಹೀಗೆ ಹುಟ್ಟಿತು.

ಧ್ವನಿಯನ್ನು ಹಿಡಿಯಲು ವಿಸ್ಕಾಂಟಿ ಅವರು ವಿಶಾಲವಾದ ಸಭಾಂಗಣದಲ್ಲಿ ಮೂರು ಮೈಕುಗಳನ್ನು ಇರಿಸಿದರು: ಒಂದು ಬಾಯಿಂದ ಸುಮಾರು 9 ಅಂಗುಲ ದೂರದಲ್ಲಿ, ಇನ್ನೊಂದು 20 ಅಡಿ ಆಚೆ, ಮೂರನೆಯದು 50 ಅಡಿ ಆಚೆ. ದೂರದ ಎರಡು ಮೈಕುಗಳಿಗೆ ಗೇಟ್ ಎಂಬ ಸಾಧನವನ್ನು ಜೋಡಿಸಲಾಗಿತ್ತು. ದನಿ ನಿಗದಿತ ಮಟ್ಟಕ್ಕಿಂತ ಜೋರಾದಾಗ ಮಾತ್ರ ಅವು ತೆರೆದುಕೊಳ್ಳುತ್ತಿದ್ದವು. ಹೀಗಾಗಿ ಗಾಯಕ ಪಿಸುದನಿಯಲ್ಲಿ ಹಾಡಿದರೆ ಹತ್ತಿರದ ಮೈಕಿನ ಆಪ್ತ ಸದ್ದಷ್ಟೇ ಕೇಳುತ್ತದೆ. ದನಿ ಏರಿದಾಗ ಎರಡನೆಯದು, ಕಿರುಚಿದಾಗ ಮೂರನೆಯದು ತೆರೆದು ಇಡೀ ಸಭಾಂಗಣದ ಮಾರ್ದನಿ ಕೂಡಿಕೊಳ್ಳುತ್ತದೆ. ದೂರದ ಮೈಕನ್ನು ತೆರೆಸಲು ಬೋವೀ ಅವರು ನಿಜವಾಗಿಯೂ ಕೂಗಲೇಬೇಕಿತ್ತು. ಹಾಡಿನ ಕೊನೆಯಲ್ಲಿ ಕೇಳುವ ಆರ್ತತೆ ಅಲಂಕಾರವಾಗಿ ಸೇರಿಸಿದ್ದಲ್ಲ, ದೈಹಿಕ ಶ್ರಮದಿಂದ ಬಂದದ್ದು.

ಬಿಡುಗಡೆಯಾದಾಗ ಈ ಹಾಡು ಬ್ರಿಟನ್ನಿನಲ್ಲಿ 24ನೇ ಸ್ಥಾನ ದಾಟಲಿಲ್ಲ. ಅದರ ಖ್ಯಾತಿ ಬೆಳೆದದ್ದು ನಿಧಾನವಾಗಿ. 1987ರ ಜೂನ್‌ನಲ್ಲಿ ಅವರು ಪಶ್ಚಿಮ ಬರ್ಲಿನ್ನಿನ ರೈಖ್‌ಸ್ಟಾಗ್ ಕಟ್ಟಡದ ಮುಂದೆ ಹಾಡಿದಾಗ ಗೋಡೆಯ ಆಚೆ ಪೂರ್ವ ಬರ್ಲಿನ್ನಿನ ಯುವಜನರು ಕೇಳಲು ನೆರೆದರು, ಅಲ್ಲಿನ ಪೊಲೀಸರು ಅವರನ್ನು ಚದುರಿಸಲು ಬಲ ಪ್ರಯೋಗಿಸಿದರು. 2016ರಲ್ಲಿ ಬೋವೀ ಅವರು ತೀರಿಕೊಂಡಾಗ ಜರ್ಮನಿಯ ವಿದೇಶಾಂಗ ಇಲಾಖೆ, ಗೋಡೆಯನ್ನು ಕೆಡವಲು ನೆರವಾದುದಕ್ಕಾಗಿ ಅವರಿಗೆ ಕೃತಜ್ಞತೆ ಸಲ್ಲಿಸಿತು. ಹಾಡೊಂದು ಗೋಡೆಯನ್ನು ಬೀಳಿಸಲಾರದು. ಆದರೂ ಒಂದು ದೇಶದ ಸರ್ಕಾರ ಹಾಡುಗಾರನಿಗೆ ಹೀಗೆ ಋಣ ಸಲ್ಲಿಸುವುದು ಅಪರೂಪ.

1983ರಲ್ಲಿ ಅವರು ಮತ್ತೆ ತಿರುಗಿ, ಈ ಬಾರಿ ಜನಪ್ರಿಯತೆಯತ್ತಲೇ ನೇರವಾಗಿ ನಡೆದರು. ನೈಲ್ ರಾಜರ್ಸ್ ನಿರ್ಮಿಸಿದ ‘ಲೆಟ್ಸ್ ಡಾನ್ಸ್’ನ ಶೀರ್ಷಿಕೆ ಗೀತೆ ಬ್ರಿಟನ್ ಮತ್ತು ಅಮೆರಿಕ ಎರಡರಲ್ಲಿಯೂ ಮೊದಲ ಸ್ಥಾನ ಪಡೆಯಿತು. ಅದೇ ವರ್ಷ ಎಂಟಿವಿ ವಾಹಿನಿಯ ಸಂದರ್ಶನದಲ್ಲಿ, ಆ ವಾಹಿನಿ ಕಪ್ಪು ಕಲಾವಿದರ ಹಾಡುಗಳನ್ನು ಏಕೆ ಇಷ್ಟು ಕಡಿಮೆ ತೋರಿಸುತ್ತದೆಂದು ಅವರು ಸಂದರ್ಶಕನನ್ನೇ ಪಟ್ಟುಬಿಡದೆ ಪ್ರಶ್ನಿಸಿದರು. ನಂತರದ ಎರಡು ಆಲ್ಬಮ್‌ಗಳು ದುರ್ಬಲವೆಂದು ಅವರೇ ಒಪ್ಪಿಕೊಂಡಿದ್ದಾರೆ. ದಶಕದ ಕೊನೆಯಲ್ಲಿ ಅವರು ಟಿನ್ ಮಷೀನ್ ಎಂಬ ತಂಡದ ನಾಲ್ವರಲ್ಲಿ ಒಬ್ಬರಾಗಿ ಸೇರಿಕೊಂಡದ್ದು ಆ ಜನಪ್ರಿಯತೆಯಿಂದ ಬಿಡಿಸಿಕೊಳ್ಳುವ ಪ್ರಯತ್ನ.

ಇಷ್ಟು ಸಲ ದಾರಿ ಬದಲಿಸುವ ಸ್ವಾತಂತ್ರ್ಯ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಹಣಕಾಸಿನಲ್ಲಿದೆ. ಧ್ವನಿಮುದ್ರಿತ ಹಾಡಿನಲ್ಲಿ ಎರಡು ಬಗೆಯ ಹಕ್ಕುಗಳಿರುತ್ತವೆ. ಒಂದು, ಸಾಹಿತ್ಯ ಮತ್ತು ಸ್ವರ ಸಂಯೋಜನೆಯದು. ಬೇರೆ ಯಾರು ಅದನ್ನು ಹಾಡಿದರೂ ಬರೆದವರಿಗೆ ರಾಯಧನ ಸಲ್ಲುತ್ತದೆ. ಇನ್ನೊಂದು, ಆ ನಿರ್ದಿಷ್ಟ ಧ್ವನಿಮುದ್ರಣದ್ದು. ಇದನ್ನು ಮಾಸ್ಟರ್ ಎನ್ನುತ್ತಾರೆ, ಮತ್ತು ಸಾಮಾನ್ಯವಾಗಿ ಇದು ಕಲಾವಿದರದಾಗಿರದೆ ಕಂಪನಿಯದಾಗಿರುತ್ತದೆ. ಬೋವೀ ಅವರ ಸ್ಥಿತಿ ಭಿನ್ನವಾಗಿತ್ತು. ತಮ್ಮ ಹಳೆಯ ಮಾಸ್ಟರ್‌ಗಳ ಮೇಲೆ ಅವರಿಗೆ ಹಕ್ಕಿತ್ತು, ಆದರೆ ಹಿಂದಿನ ವ್ಯವಸ್ಥಾಪಕ ಟೋನಿ ಡಿಫ್ರೀಸ್ ಅವರಿಗೆ ಅದರಲ್ಲಿ ಪಾಲಿತ್ತು. ಆ ಪಾಲನ್ನು ಕೊಳ್ಳಲು ದೊಡ್ಡ ಮೊತ್ತ ಬೇಕಿತ್ತು.

1997ರಲ್ಲಿ ಬ್ಯಾಂಕರ್ ಡೇವಿಡ್ ಪುಲ್‌ಮನ್ ಅವರ ನೆರವಿನಿಂದ ಹೊರಬಂದ ‘ಬೋವೀ ಬಾಂಡ್’ ಈ ಅಗತ್ಯವನ್ನು ಪೂರೈಸಿತು. 1990ಕ್ಕೆ ಮುಂಚಿನ 25 ಆಲ್ಬಮ್‌ಗಳಿಂದ ಮುಂದೆ ಬರಲಿರುವ ಆದಾಯವನ್ನು ಆಧಾರವಾಗಿಟ್ಟು, 5.5 ಕೋಟಿ ಡಾಲರ್ ಮೊತ್ತದ ಸಾಲಪತ್ರಗಳನ್ನು 7.9 ಶೇಕಡಾ ಬಡ್ಡಿಗೆ ಪ್ರುಡೆನ್ಷಿಯಲ್ ವಿಮಾ ಕಂಪನಿಗೆ ಮಾರಲಾಯಿತು. ತೆಂಗಿನ ತೋಟವನ್ನು ಮಾರದೆ, ಮುಂದಿನ ಹತ್ತು ವರ್ಷಗಳ ಫಸಲಿನ ಮೇಲೆ ಇಂದೇ ಹಣ ಪಡೆಯುವಂತಹ ವ್ಯವಸ್ಥೆ ಇದು. ಫಸಲಿನ ಹಣ ಸಾಲ ತೀರುವವರೆಗೆ ಸಾಲ ಕೊಟ್ಟವನಿಗೆ ಹೋಗುತ್ತದೆ, ಸಾಲ ತೀರಿದ ಮೇಲೆ ತೋಟ ಮತ್ತೆ ಒಡೆಯನದೇ. ಕೆಲವೇ ವರ್ಷಗಳಲ್ಲಿ ಅಂತರ್ಜಾಲದ ಮೂಲಕ ಹಾಡುಗಳನ್ನು ಉಚಿತವಾಗಿ ಹಂಚಿಕೊಳ್ಳುವುದು ಹರಡಿ, ಸಿ.ಡಿ. ಮಾರಾಟ ಕುಸಿಯಿತು. 2004ರಲ್ಲಿ ಸಾಲಪತ್ರಗಳ ಭದ್ರತೆಯನ್ನು ಅಳೆದು ದರ್ಜೆ ಕೊಡುವ ಮೂಡೀಸ್ ಸಂಸ್ಥೆ ಈ ಬಾಂಡ್‌ಗಳ ದರ್ಜೆಯನ್ನು ಅಪಾಯಕಾರಿ ಸಾಲದ ವರ್ಗಕ್ಕೆ ಒಂದೇ ಮೆಟ್ಟಿಲು ಮೇಲಿನ ಮಟ್ಟಕ್ಕೆ ಇಳಿಸಿತು. ಆದರೂ 2007ರಲ್ಲಿ ಅವಧಿ ಮುಗಿದಾಗ ಸಾಲ ಪೂರ್ತಿಯಾಗಿ ತೀರಿ, ಹಕ್ಕುಗಳು ಬೋವೀ ಅವರಿಗೆ ಮರಳಿದವು. ಗಮನಿಸಬೇಕಾದ ಸಂಗತಿಯೆಂದರೆ, ಮಾರುಕಟ್ಟೆ ಕುಸಿಯುವ ಮುನ್ನವೇ ಅವರು ಹಣ ಪಡೆದಿದ್ದರು. 2002ರ ಸಂದರ್ಶನವೊಂದರಲ್ಲಿ, ಸಂಗೀತ ಮುಂದೆ ನಲ್ಲಿಯ ನೀರು ಮತ್ತು ವಿದ್ಯುತ್ತಿನಂತೆ ಎಲ್ಲೆಡೆ ಹರಿಯುವ ವಸ್ತುವಾಗುತ್ತದೆಂದು ಅವರು ಹೇಳಿದ್ದು ಇಂದಿನ ಸ್ಟ್ರೀಮಿಂಗ್ ಸೇವೆಗಳಿಗೆ ಅಕ್ಷರಶಃ ಹೊಂದುತ್ತದೆ. 2022ರಲ್ಲಿ ಅವರ ಉತ್ತರಾಧಿಕಾರಿಗಳು ಗೀತರಚನೆಗಳ ಹಕ್ಕನ್ನು ವಾರ್ನರ್ ಚಾಪೆಲ್ ಸಂಸ್ಥೆಗೆ ಮಾರಿದಾಗ ಆ ಮೊತ್ತ 25 ಕೋಟಿ ಡಾಲರ್‌ಗೂ ಹೆಚ್ಚೆಂದು ಪತ್ರಿಕೆಗಳು ವರದಿ ಮಾಡಿದವು.

1992ರಲ್ಲಿ ಸೊಮಾಲಿಯಾ ಮೂಲದ ರೂಪದರ್ಶಿ ಇಮಾನ್ ಅವರನ್ನು ವಿವಾಹವಾದ ನಂತರ ಅವರ ಬದುಕು ನ್ಯೂಯಾರ್ಕಿನಲ್ಲಿ ನೆಲೆಗೊಂಡಿತು. 2003ರಲ್ಲಿ ಬ್ರಿಟಿಷ್ ಸರ್ಕಾರ ನೀಡಲು ಮುಂದಾದ ಸರ್ ಪದವಿಯನ್ನು ಅವರು ನಿರಾಕರಿಸಿದರು. 2004ರಲ್ಲಿ ಜರ್ಮನಿಯ ಪ್ರವಾಸದಲ್ಲಿ ಹೃದಯದ ತೊಂದರೆಯಿಂದ ಕುಸಿದ ಮೇಲೆ ದೊಡ್ಡ ಪ್ರವಾಸಗಳು ನಿಂತುಹೋದವು, ಹೊಸ ಆಲ್ಬಮ್‌ಗಳೂ ಬರಲಿಲ್ಲ. ಅವರು ನಿವೃತ್ತರಾದರೆಂದೇ ಎಲ್ಲರೂ ಭಾವಿಸಿದ್ದಾಗ, 2013ರ ಜನವರಿ 8ರಂದು, ತಮ್ಮ 66ನೇ ಹುಟ್ಟುಹಬ್ಬದಂದು, ಯಾವ ಮುನ್ಸೂಚನೆಯೂ ಇಲ್ಲದೆ ಹೊಸ ಹಾಡೊಂದನ್ನು ಬಿಡುಗಡೆ ಮಾಡಿದರು. ಎರಡು ವರ್ಷ ಗುಟ್ಟಾಗಿ ಕೆಲಸ ಮಾಡಿ ‘ದಿ ನೆಕ್ಸ್ಟ್ ಡೇ’ ಆಲ್ಬಮ್ಮನ್ನು ಸಿದ್ಧಪಡಿಸಲಾಗಿತ್ತು.

ಕೊನೆಯ ಆಲ್ಬಮ್ ‘ಬ್ಲ್ಯಾಕ್‌ಸ್ಟಾರ್’ಗಾಗಿ ಅವರು ತಮ್ಮ ರಾಕ್ ವಾದಕರನ್ನು ಬಿಟ್ಟು, ನ್ಯೂಯಾರ್ಕಿನ ಸ್ಯಾಕ್ಸೊಫೋನ್ ವಾದಕ ಡಾನಿ ಮೆಕ್‌ಕ್ಯಾಸ್ಲಿನ್ ಅವರ ಜಾಝ್ ತಂಡವನ್ನು ಆರಿಸಿಕೊಂಡರು. ಅಣ್ಣ ಟೆರಿ ಹುಡುಗನಿಗೆ ಕೇಳಿಸಿದ್ದ ಸಂಗೀತ ಇಲ್ಲಿ ಹೊಸ ಮೈ ತಾಳಿದೆ, ಅದರೊಳಗೆ ಇಂದಿನ ಹಿಪ್‌ಹಾಪ್‌ನ ಲಯವೂ ಇದೆ. ಆ ಹೊತ್ತಿಗೆ ಅವರಿಗೆ ಕ್ಯಾನ್ಸರ್ ಇರುವುದು ಕೆಲವೇ ಆಪ್ತರಿಗೆ ಗೊತ್ತಿತ್ತು. ಆಲ್ಬಮ್ 2016ರ ಜನವರಿ 8ರಂದು ಹೊರಬಂದಿತು. 10ರಂದು ಅವರು ಕಣ್ಣುಮುಚ್ಚಿದರು. ಎರಡು ದಿನಗಳ ಮಟ್ಟಿಗೆ ವಿಮರ್ಶಕರು ಅದನ್ನು ನಿಗೂಢ ಪ್ರಯೋಗವೆಂದು ಓದಿದ್ದರು. ಮೂರನೆಯ ದಿನ ಅದೇ ಸಾಲುಗಳು ಸಾವಿನೊಡನೆ ನಡೆಸಿದ ನೇರ ಮಾತುಕತೆಯಾಗಿ ಕೇಳಿಸಿದವು. ವಿಸ್ಕಾಂಟಿ ಅದನ್ನು ಅವರ ಬೀಳ್ಕೊಡುಗೆಯ ಕಾಣಿಕೆ ಎಂದರು. ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ ಬೋವೀ ಅವರಿಗೆ ಮೊದಲ ಸ್ಥಾನ ಸಿಕ್ಕಿದ್ದು ಇದರಿಂದಲೇ, ಮತ್ತು ಅದು ಮೊದಲ ಸಲ. ಮುಂದಿನ ವರ್ಷ ಅದಕ್ಕೆ ಐದು ಗ್ರ್ಯಾಮಿ ಪ್ರಶಸ್ತಿಗಳು ಬಂದವು.

ಅವರನ್ನು ಹೊಸದಾಗಿ ಕೇಳಬಯಸುವವರು ಜನಪ್ರಿಯ ಹಾಡುಗಳ ಸಂಕಲನದಿಂದ ಆರಂಭಿಸದಿರುವುದು ಒಳ್ಳೆಯದು. ಒಂದೊಂದು ಆಲ್ಬಮ್‌ಗೂ ಬೇರೆಯದೇ ಜಗತ್ತಿರುವುದರಿಂದ ಸಂಕಲನದಲ್ಲಿ ಹಾಡುಗಳು ನೆಲೆ ತಪ್ಪುತ್ತವೆ. ‘ಹಂಕಿ ಡೋರಿ’ಯಿಂದ ತೊಡಗಿದರೆ ಅವರ ರಾಗರಚನೆಯ ಕೌಶಲ ಸುಲಭವಾಗಿ ಹಿಡಿತಕ್ಕೆ ಸಿಗುತ್ತದೆ, ಅಲ್ಲಿಂದ ‘ಸ್ಟೇಷನ್ ಟು ಸ್ಟೇಷನ್’, ‘ಲೋ’, ಕೊನೆಗೆ ‘ಬ್ಲ್ಯಾಕ್‌ಸ್ಟಾರ್’ ಕೇಳಬಹುದು. ‘ಹೀರೋಸ್’ ಹಾಡನ್ನು ಮಾತ್ರ ರೇಡಿಯೊಗಾಗಿ ಮೂರೂವರೆ ನಿಮಿಷಕ್ಕೆ ಕತ್ತರಿಸಿದ ರೂಪದಲ್ಲಿ ಕೇಳದೆ, ಆಲ್ಬಮ್‌ನಲ್ಲಿರುವ ಆರು ನಿಮಿಷದ ಪೂರ್ಣ ರೂಪದಲ್ಲಿಯೇ ಕೇಳಬೇಕು. ಇಲ್ಲದಿದ್ದರೆ ದೂರದ ಮೈಕುಗಳು ಒಂದೊಂದಾಗಿ ತೆರೆದುಕೊಳ್ಳುವ ಆ ನಿಧಾನವಾದ ಏರಿಕೆ ದಕ್ಕುವುದಿಲ್ಲ.